ಲೆಕ್ಕದ ಮನೆಯಿಂದ ಪಾಠದ ಮನೆಗೆ

ಹಣವನ್ನು ಕಾಯುವವರು ಬೇರೆ, ವಿದ್ಯೆಯನ್ನು ಹಂಚುವವರು ಬೇರೆ ಎಂಬ ಭಾವನೆ ನಮ್ಮ ಜನರ ಮನಸ್ಸಿನಲ್ಲಿ ಬಹುಕಾಲದಿಂದ ನೆಲೆಯೂರಿದೆ. ಹಣ ಕೊಟ್ಟರೆ ಕರಗುತ್ತದೆ, ವಿದ್ಯೆ ಕೊಟ್ಟರೆ ಬೆಳೆಯುತ್ತದೆ. ಆದಕಾರಣ ಇವೆರಡರ ಸ್ವಭಾವವೇ ಪರಸ್ಪರ ವಿರುದ್ಧವೆಂದು ಹಿರಿಯರು ಹೇಳುವುದನ್ನು ನಾವೂ ಬಾಲ್ಯದಲ್ಲಿ ಕೇಳಿದ್ದೇವೆ. ಆದರೆ ಕನ್ನಡ ನಾಡಿನ ಬ್ಯಾಂಕುಗಳ ಇತಿಹಾಸವನ್ನು ಸಾವಧಾನದಿಂದ ಅವಲೋಕಿಸಿದವರಿಗೆ ಈ ಭಾವನೆ ಎಷ್ಟು ದುರ್ಬಲವೆಂಬುದು ವೇದ್ಯವಾಗದೆ ಇರದು. ಈ ನಾಡಿನಲ್ಲಿ ಬ್ಯಾಂಕು ಕಟ್ಟಿದವರಲ್ಲಿ ಅನೇಕರು ಶಾಲೆಯನ್ನೂ ಕಟ್ಟಿದರು; ಬ್ಯಾಂಕನ್ನು ಮುನ್ನಡೆಸಿದವರಲ್ಲಿ ಕೆಲವರು ಅಧಿಕಾರದ ಕುರ್ಚಿಯಿಂದ ಇಳಿದ ಮೇಲೆ ಪಾಠದ ಮನೆಯನ್ನು ಹೊಕ್ಕರು.

ಈ ವಿಷಯವನ್ನು ಇಂದು ವಾಚಕರ ಮುಂದಿಡುವುದಕ್ಕೆ ಕಾರಣವುಂಟು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳಲ್ಲಿ ನಮಗೆ ಪರಿಚಿತರಾದ ಕುಟುಂಬಗಳು ಬಹಳ. ಆ ಮನೆಗಳ ಮಕ್ಕಳು ಬ್ಯಾಂಕುಗಳಲ್ಲಿ ಮೂವತ್ತು, ಮೂವತ್ತೈದು ವರ್ಷ ದುಡಿದು ಅರವತ್ತನೆಯ ವಯಸ್ಸಿಗೆ ನಿವೃತ್ತರಾಗುತ್ತಿದ್ದಾರೆ. ಆರೋಗ್ಯ ನೆಟ್ಟಗಿದ್ದರೆ ಅವರ ಮುಂದೆ ಇನ್ನೂ ಹದಿನೈದು, ಇಪ್ಪತ್ತು ವರ್ಷಗಳ ಆಯುಷ್ಯವಿದೆ. ಅದೇ ಊರುಗಳಲ್ಲಿ, ಅವರ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಡ್ಡಿಯ ಲೆಕ್ಕ ತಿಳಿಯದೆ ಸಾಲದಲ್ಲಿ ಮುಳುಗುತ್ತಿರುವ ಸಂಸಾರಗಳೂ ಇವೆ. ಈ ಎರಡು ಮನೆಗಳ ನಡುವಣ ಅಂತರವನ್ನು ತೊಡೆಯುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಚಾರ.

ಶಾಲೆ ಮೊದಲು, ಬ್ಯಾಂಕು ಆಮೇಲೆ

ಕೆನರಾ ಬ್ಯಾಂಕಿನ ಸ್ಥಾಪಕರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ವೃತ್ತಿಯಿಂದ ವಕೀಲರು. 1852ರಲ್ಲಿ ಜನಿಸಿದ ಈ ಮಹನೀಯರು 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಆರಂಭಿಸಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ, 1894ರಲ್ಲಿ, ಬಾಲಿಕೆಯರಿಗಾಗಿ ಪ್ರತ್ಯೇಕ ಹೈಸ್ಕೂಲನ್ನು ತೆರೆದರು. ಇಷ್ಟೆಲ್ಲ ಆದ ಮೇಲೆ, 1906ರ ಜುಲೈ 1ರಂದು, 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಎಂಬ ಹೆಸರಿನಲ್ಲಿ ಹಣಕಾಸಿನ ಸಂಸ್ಥೆಯೊಂದು ಅವರಿಂದ ಹುಟ್ಟಿತು. ಅವರು 1909ರಲ್ಲಿ ಲಿಂಗೈಕ್ಯರಾದರೆಂದು ಹೇಳುವುದು ನಮ್ಮ ರೂಢಿಯ ಮಾತಾದೀತು. ಅವರ ಸಂಪ್ರದಾಯದ ಮಾತಿನಲ್ಲಿ ಸ್ವರ್ಗಸ್ಥರಾದರು. ಮರುವರ್ಷ, ಅಂದರೆ 1910ರಲ್ಲಿ, ಆ ಫಂಡು ಕೆನರಾ ಬ್ಯಾಂಕು ಎಂಬ ಹೆಸರನ್ನು ಪಡೆಯಿತು. ಶಾಲೆ ಹುಟ್ಟಿದ ಹದಿನೈದು ವರ್ಷಗಳ ಅನಂತರ ಬ್ಯಾಂಕು ಹುಟ್ಟಿತೆಂಬ ಈ ಕ್ರಮವನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಅಕ್ಷರ ಬಲ್ಲವನಿಗೆ ಮಾತ್ರ ಉಳಿತಾಯದ ಅರ್ಥ ತಿಳಿಯುತ್ತದೆ, ಉಳಿತಾಯ ಬಲ್ಲವನಿಗೆ ಮಾತ್ರ ಸಾಲದ ಅಪಾಯ ತಿಳಿಯುತ್ತದೆ ಎಂಬ ವಿವೇಕ ಈ ಕ್ರಮದಲ್ಲಿ ಅಡಗಿದೆ.

ಉಡುಪಿಯ ಕಥೆಯೂ ಇದಕ್ಕೆ ಸಮಾನವಾದುದು. 1925ರಲ್ಲಿ ವ್ಯಾಪಾರಿಗಳಾದ ಉಪೇಂದ್ರ ಪೈ, ಇಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ ಈ ಮೂವರು ಸೇರಿ, ಕೈಮಗ್ಗದ ಉದ್ಯಮ ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿಗಳ ಬಂಡವಾಳದಿಂದ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದುದು ಇದೇ. 1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ತನ್ನ ಪ್ರತಿನಿಧಿಯನ್ನು ಕಳುಹಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಕೂಡಿಸಿಕೊಂಡಿತು. ಎರಡಾಣೆಯನ್ನು ಕೂಡಿಸುವುದು ಬ್ಯಾಂಕಿಗೆ ಲಾಭದ ಕೆಲಸವಾಗಿ ತೋರಲಿಕ್ಕಿಲ್ಲ. ಆದರೆ ದಿನವೂ ಕೂಡಿಸುವ ಅಭ್ಯಾಸವನ್ನು ಬಡವನಿಗೆ ಕಲಿಸಿದ ಪಾಠಶಾಲೆ ಅದು. ಅದೇ ಡಾ. ಪೈಗಳು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನೂ, 1953ರಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿದರು.

ಕರಾವಳಿಯ ಮಾತು ಹೀಗಾದರೆ, ನಮ್ಮ ಬಯಲುಸೀಮೆ ಹಿಂದುಳಿದಿತ್ತೆಂದು ತಿಳಿಯಬೇಕಾಗಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಂಘ ಜನ್ಮತಾಳಿತು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ. ಉತ್ತರ ಕನ್ನಡದವರು ಶಿರಸಿಯಲ್ಲಿ 1920ರಲ್ಲಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ. ಎಲ್. ಇ. ಸಂಸ್ಥೆಯನ್ನು ಕಟ್ಟಿದ ಕಾಲವೂ ಹೆಚ್ಚು ಕಡಿಮೆ ಇದೇ. ಒಂದೇ ತಲೆಮಾರಿನ ಜನರು ಒಂದು ಕೈಯಲ್ಲಿ ಖತಾವಣಿ ಪುಸ್ತಕವನ್ನೂ ಇನ್ನೊಂದು ಕೈಯಲ್ಲಿ ಪಾಟಿಯನ್ನೂ ಹಿಡಿದಿದ್ದರೆಂಬುದಕ್ಕೆ ಇವೆಲ್ಲ ಸಾಕ್ಷಿಯಾಗಿವೆ.

ಮೂವರ ಬಾಳಿನ ನಿದರ್ಶನ

ಸಂಸ್ಥೆಗಳ ಮಾತಾಯಿತು, ಇನ್ನು ವ್ಯಕ್ತಿಗಳ ಕಡೆಗೆ ಬರೋಣ. ದೇಶಮಟ್ಟದಲ್ಲಿ ಚಿಂತಾಮಣಿ ದ್ವಾರಕಾನಾಥ ದೇಶಮುಖರ ಬಾಳು ಇದಕ್ಕೊಂದು ಉಜ್ವಲ ನಿದರ್ಶನ. 1943ರಲ್ಲಿ ಅವರು ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಆ ಪದವಿಯನ್ನು ಏರಿದ ಮೊದಲ ಭಾರತೀಯರು ಅವರೇ. 1949ರವರೆಗೆ ಅಲ್ಲಿದ್ದು, 1950ರಿಂದ 1956ರವರೆಗೆ ಕೇಂದ್ರದ ಅರ್ಥಸಚಿವರಾಗಿ, ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿ, 1962ರಿಂದ 1967ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ನಾಣ್ಯವನ್ನು ಕಾಯ್ದ ಕೈಗಳೇ ವಿದ್ಯೆಯ ಬೊಕ್ಕಸವನ್ನೂ ಕಾಯ್ದವು.

ನಮ್ಮ ಧಾರವಾಡದಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರು ಇದೇ ಹಾದಿಯನ್ನು ವಿರುದ್ಧ ದಿಕ್ಕಿನಿಂದ ನಡೆದರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ರಾಜ್ಯ ಸರಕಾರದ ಆರ್ಥಿಕ ಸಲಹೆ ಹಾಗೂ ಯೋಜನೆಯ ಹೊಣೆಯನ್ನು ಹೊತ್ತು, ಮುಂದೆ ಕುಲಪತಿಗಳೂ ಆದರು. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ನೇಮಕವಾದ ಉನ್ನತಾಧಿಕಾರ ಸಮಿತಿಯ ಅಧ್ಯಕ್ಷರಾಗಿ 2002ರಲ್ಲಿ ಅವರು ಸಲ್ಲಿಸಿದ ವರದಿ ಇಂದಿಗೂ ನಮ್ಮ ರಾಜ್ಯದಲ್ಲಿ ಪ್ರಮಾಣಗ್ರಂಥದಂತೆ ಉಲ್ಲೇಖಗೊಳ್ಳುತ್ತಿದೆ. ಅಂದಿನ 175 ತಾಲೂಕುಗಳನ್ನು ತೂಗಿ ನೋಡಿ, 114 ತಾಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವುಗಳೆಂದೂ ಅವರು ಅಂಕಿಅಂಶಗಳಿಂದ ತೋರಿಸಿಕೊಟ್ಟರು. ಬಡತನವೆಂದರೆ ಕೇವಲ ಕಣ್ಣೀರಿನ ವಿಷಯವಲ್ಲ, ಅಳೆದು ತೋರಿಸಬಹುದಾದ ವಿಷಯವೆಂಬುದನ್ನು ತರಗತಿಯಲ್ಲಿ ಕಲಿಸಿದವರು ವಿಧಾನಸೌಧಕ್ಕೂ ಕಲಿಸಿದರು.

ಮೂರನೆಯ ನಿದರ್ಶನ ಡಾ. ಎನ್. ಕೆ. ತಿಂಗಳಾಯರದು. ಅರ್ಥಶಾಸ್ತ್ರಜ್ಞರಾಗಿ ಸಿಂಡಿಕೇಟ್ ಬ್ಯಾಂಕಿನ ಆರ್ಥಿಕ ಸಂಶೋಧನೆಯ ವಿಭಾಗದಲ್ಲಿ ದುಡಿದು, ಅದೇ ಬ್ಯಾಂಕಿನ ಅಧ್ಯಕ್ಷ ಹಾಗೂ ಆಡಳಿತ ನಿರ್ದೇಶಕರ ಪದವಿಯವರೆಗೆ ಏರಿದ ಅವರು, ಬ್ಯಾಂಕಿನ ಬದುಕು ಮುಗಿದ ಮೇಲೆ ನಿಟ್ಟೆಯ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ ಆಡಳಿತ ಶಿಕ್ಷಣ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ನಡುವೆ ಕುಳಿತರು. ದಕ್ಷಿಣ ಕನ್ನಡದ ಬ್ಯಾಂಕುಗಳ ಇತಿಹಾಸವನ್ನು ಗ್ರಂಥರೂಪಕ್ಕೆ ತಂದರು. ದೊಡ್ಡ ಬ್ಯಾಂಕೊಂದರ ಚುಕ್ಕಾಣಿ ಹಿಡಿದವರಿಗೆ ಕಾಲೇಜಿನ ಕರಿಹಲಗೆ ಕಿರಿದಾಗಿ ತೋರಲಿಲ್ಲ ಎಂಬುದು ಇಲ್ಲಿ ಮನನೀಯ.

ಈ ಮೂವರ ಬಾಳಿನಿಂದ ಒಂದು ತತ್ತ್ವ ಹೊರಡುತ್ತದೆ. ಬ್ಯಾಂಕಿನಲ್ಲಿ ದುಡಿದವನಿಗೆ ಪುಸ್ತಕದಲ್ಲಿ ಸಿಗದ ಒಂದು ವಿದ್ಯೆ ಕರಗತವಾಗಿರುತ್ತದೆ. ಸಾಲ ಕೇಳಲು ಬಂದ ರೈತನ ಮುಖವನ್ನೂ ಅವನ ಪಹಣಿಯನ್ನೂ ಒಟ್ಟಿಗೆ ಓದುವ ವಿದ್ಯೆ ಅದು. ಯಾವ ಸಾಲ ಕುಟುಂಬವನ್ನು ಎತ್ತೀತು, ಯಾವುದು ಕೆಡವೀತು ಎಂಬುದನ್ನು ಅವನು ಸಾವಿರ ಪ್ರಸಂಗಗಳಲ್ಲಿ ಕಂಡಿರುತ್ತಾನೆ. ಈ ತಿಳುವಳಿಕೆ ನಿವೃತ್ತಿಯ ದಿನ ಹಾರ ಶಾಲುಗಳೊಂದಿಗೆ ಮನೆ ಸೇರಿ ಅಲ್ಲಿಯೇ ಉಳಿದುಬಿಟ್ಟರೆ ಅದು ಸಮಾಜಕ್ಕೆ ದೊಡ್ಡ ನಷ್ಟ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆನ್ನುವಾಗ ನಾವು ಧಾನ್ಯವನ್ನೂ ಹಣವನ್ನೂ ಮಾತ್ರ ನೆನೆಯುತ್ತೇವೆ. ಕಾಯಕದಿಂದ ಬಂದ ಅನುಭವವೂ ದಾಸೋಹಕ್ಕೆ ಸಲ್ಲಬೇಕಾದ ದ್ರವ್ಯವೇ ಆಗಿದೆ.

ನಾಲ್ಕು ತಾಲೂಕುಗಳ ಸ್ಥಿತಿಗತಿ

ಈಗ ನಮ್ಮ ನಾಲ್ಕು ತಾಲೂಕುಗಳತ್ತ ದೃಷ್ಟಿ ಹರಿಸೋಣ. ಇವು ಒಂದಕ್ಕೊಂದು ನೆರೆಯವಾದರೂ ಇವುಗಳ ಹಣಕಾಸಿನ ಸ್ವರೂಪ ಒಂದೇ ತೆರನಲ್ಲ. ಹಳಿಯಾಳದಲ್ಲಿ ಕಬ್ಬು, ಭತ್ತ, ಹತ್ತಿ, ಗೋವಿನಜೋಳಗಳ ಬೇಸಾಯ. ಹಣ ಬರುವುದು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ, ಖರ್ಚು ಮಾತ್ರ ದಿನವೂ. ದಾಂಡೇಲಿ 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬಂದ ಮೇಲೆ ಬೆಳೆದ ಊರು. ಅಲ್ಲಿ ತಿಂಗಳ ಸಂಬಳದ ಲೆಕ್ಕ. ಇತ್ತೀಚಿನ ವರ್ಷಗಳಲ್ಲಿ ಕಾಳಿ ನದಿಯ ಸುತ್ತ ಪ್ರವಾಸಿಗರ ಓಡಾಟ ಹೆಚ್ಚಿ, ದಾಂಡೇಲಿ ಜೋಯಿಡಾಗಳಲ್ಲಿ ಮನೆವಾಸ್ತವ್ಯದ ಉದ್ಯೋಗ ತಲೆಯೆತ್ತಿದೆ. ಅದು ಋತುಮಾನವನ್ನು ನಂಬಿದ ಆದಾಯ.

ಜೋಯಿಡಾದ ಪರಿಸ್ಥಿತಿ ಇನ್ನೂ ಭಿನ್ನ. ಹಿಂದೆ ಸೂಪಾ ಎಂದು ಕರೆಯುತ್ತಿದ್ದ ಈ ತಾಲೂಕಿನ ಮುಖ್ಯ ಪಟ್ಟಣವೇ 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ತಾಲೂಕಿನ ಬಹುಭಾಗ ಕಾಡು; ಅದರಲ್ಲಿ ದೊಡ್ಡ ಪಾಲು ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಕುಣಬಿ, ಗೌಳಿ, ಸಿದ್ದಿ ಜನರು ತಲೆತಲಾಂತರದಿಂದ ಉಳುತ್ತಿರುವ ಭೂಮಿಗೆ ಅನೇಕ ಕಡೆ ಪಹಣಿಯಲ್ಲಿ ಅವರ ಹೆಸರಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಹಕ್ಕುಪತ್ರ ದೊರೆತರೂ ಆ ಭೂಮಿ ಮಕ್ಕಳಿಗೆ ದಾಯವಾಗಿ ಹೋಗಬಹುದೇ ಹೊರತು ಪರರಿಗೆ ಪರಭಾರೆಯಾಗಲಾರದು. ಭೂಮಿ ಕೈತಪ್ಪಿ ಹೋಗದಂತೆ ಕಾಯುವ ಒಳ್ಳೆಯ ನಿಯಮವಿದು. ಆದರೆ ಅದೇ ಕಾರಣದಿಂದ ಅಡವು ಇಟ್ಟು ದೊಡ್ಡ ಸಾಲ ಪಡೆಯುವ ದಾರಿ ಮುಚ್ಚುತ್ತದೆ. ಪಹಣಿಯನ್ನು ನೋಡಿ ಸಾಲ ಕೊಡುವ ಬ್ಯಾಂಕಿಗೂ ಪಹಣಿಯಿಲ್ಲದೆ ದುಡಿಯುವ ರೈತನಿಗೂ ನಡುವೆ ಹೀಗೆ ಒಂದು ಗೋಡೆ ಎದ್ದುನಿಂತಿದೆ. ಆ ಗೋಡೆಯ ನೆರಳಿನಲ್ಲಿಯೇ ಬಡ್ಡಿವ್ಯವಹಾರದ ಸಾವುಕಾರ ಬೆಳೆಯುತ್ತಾನೆ.

ಮುಂಡಗೋಡದಲ್ಲಿ ಭತ್ತ, ಗೋವಿನಜೋಳ, ಶುಂಠಿಗಳನ್ನು ಬೆಳೆಯುವ ರೈತರೊಡನೆ 1966ರಿಂದ ಟಿಬೆಟನ್ ನಿರಾಶ್ರಿತರ ದೊಡ್ಡ ನೆಲೆಯೂ ಇದೆ. ಪರದೇಶದಿಂದ ಬರಿಗೈಯಲ್ಲಿ ಬಂದ ಆ ಜನ ಸಹಕಾರ ಸಂಘವನ್ನು ಕಟ್ಟಿಕೊಂಡು, ಚಳಿಗಾಲದಲ್ಲಿ ಉಣ್ಣೆಯ ಉಡುಪು ಮಾರಲು ದೂರದೂರದ ಪಟ್ಟಣಗಳಿಗೆ ಹೋಗಿ ಬಂದು ಸಂಸಾರ ಸಾಗಿಸಿದ ಬಗೆ ನಮ್ಮವರಿಗೂ ಅನುಕರಣೀಯ. ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ನೆಲೆಸಿರುವ ಸಿದ್ದಿ ಜನರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸರಕಾರದ ಅನೇಕ ಯೋಜನೆಗಳು ಅವರ ಹೆಸರಿನಲ್ಲಿವೆ. ಆದರೆ ಅರ್ಜಿಯನ್ನು ತುಂಬಲು, ಸಹಾಯಧನವೆಷ್ಟು, ಮರಳಿ ಕಟ್ಟಬೇಕಾದ ಸಾಲವೆಷ್ಟು ಎಂಬುದನ್ನು ತಿಳಿಯಲು ಮತ್ತೊಬ್ಬರ ಕೈಯನ್ನು ಹಿಡಿಯಬೇಕಾದ ಸ್ಥಿತಿ ಪೂರ್ಣವಾಗಿ ಅಳಿದಿಲ್ಲ.

ಬಡ್ಡಿಯ ಲೆಕ್ಕ ತಿಳಿಯದಿದ್ದರೆ

ಒಂದು ಸರಳ ಲೆಕ್ಕವನ್ನು ಮಾಡಿ ತೋರಿಸುತ್ತೇವೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಎಂದರೆ ಕೇಳುವವರಿಗೆ ಅದೊಂದು ಚಿಕ್ಕ ಮಾತು. ವರ್ಷಕ್ಕೆ ಅದು ನೂರಕ್ಕೆ ಅರವತ್ತು. 20,000 ರೂಪಾಯಿ ಪಡೆದವನು ತಿಂಗಳಿಗೆ 1,000 ರೂಪಾಯಿಯಂತೆ ವರ್ಷಕ್ಕೆ 12,000 ರೂಪಾಯಿ ಬಡ್ಡಿಯನ್ನೇ ಕೊಡಬೇಕು. ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಪಡೆದಷ್ಟೂ ಹಣ ಬಡ್ಡಿಯಾಗಿ ಹೋಗಿರುತ್ತದೆ, ಅಸಲು ಮಾತ್ರ ಹಾಗೆಯೇ ಕುಳಿತಿರುತ್ತದೆ. ಬಡ್ಡಿಯನ್ನು ಕೊಡದೆ ಅಸಲಿಗೆ ಕೂಡಿಸುತ್ತ ಹೋದರೆ ಹದಿನೈದು ತಿಂಗಳೊಳಗೆ ಸಾಲ ಇಮ್ಮಡಿಯಾಗುತ್ತದೆ. ಅದೇ 20,000 ರೂಪಾಯಿಯನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವಾಗಿ ಬ್ಯಾಂಕಿನಿಂದ ಪಡೆದರೆ ಬಡ್ಡಿಯ ದರ ನೂರಕ್ಕೆ 7. ಹೇಳಿದ ಅವಧಿಯಲ್ಲಿ ಮರಳಿಸಿದವನಿಗೆ ಕೇಂದ್ರ ಸರಕಾರದ ರಿಯಾಯಿತಿ ಸೇರಿ ಅದು 4ಕ್ಕೆ ಇಳಿಯುತ್ತದೆ. ಅಂದರೆ ವರ್ಷಕ್ಕೆ 800 ರೂಪಾಯಿ. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲವೂ ಇದೆ; ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಆಯವ್ಯಯದಲ್ಲಿ ಘೋಷಿಸಲಾಯಿತು. ಅಡವು ಇಲ್ಲದೆ ಕೊಡುವ ಕೃಷಿ ಸಾಲದ ಮಿತಿ 2025ರ ಜನವರಿಯಿಂದ 2 ಲಕ್ಷವಾಗಿದೆ. 12,000 ಮತ್ತು 800 ಇವೆರಡರ ನಡುವಣ ಅಂತರ ಒಂದು ಮಗುವಿನ ಓದಿನ ಖರ್ಚು ಎಂಬುದನ್ನು ಮನೆಯ ತಾಯಂದಿರು ತಕ್ಷಣ ಗ್ರಹಿಸಬಲ್ಲರು.

ಇನ್ನೊಂದು ಸೂಕ್ಷ್ಮವೂ ಇದೆ. 50,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12ರಂತೆ ಎರಡು ವರ್ಷದ ಬಡ್ಡಿ 12,000 ರೂಪಾಯಿ ಎಂದು ಮೊದಲೇ ಕೂಡಿಸಿ, ಒಟ್ಟು 62,000ವನ್ನು 24 ಕಂತುಗಳಾಗಿ ಹಂಚಿದರೆಂದುಕೊಳ್ಳಿ. ತಿಂಗಳ ಕಂತು ಸುಮಾರು 2,583 ರೂಪಾಯಿ. ಪ್ರತಿ ಕಂತಿನೊಡನೆ ಅಸಲು ಇಳಿಯುತ್ತಿದ್ದರೂ ಬಡ್ಡಿಯನ್ನು ಮಾತ್ರ ಪೂರ್ಣ 50,000ಕ್ಕೇ ಎಣಿಸಿದ್ದಾರೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದರ ನಿಜವಾದ ದರ ನೂರಕ್ಕೆ 21ಕ್ಕೂ ಹೆಚ್ಚು. ಹನ್ನೆರಡು ಎಂದು ಕೇಳಿ ಒಪ್ಪಿದವನು ಇಪ್ಪತ್ತೊಂದನ್ನು ತೆರುತ್ತಾನೆ. ಇದನ್ನು ತಿಳಿಸಿ ಹೇಳಲು ದೊಡ್ಡ ಪಂಡಿತರು ಬೇಕಾಗಿಲ್ಲ. ಬ್ಯಾಂಕಿನಲ್ಲಿ ಐದು ವರ್ಷ ದುಡಿದ ಯಾರೂ ಒಂದು ಹಾಳೆಯ ಮೇಲೆ ಬರೆದು ತೋರಿಸಬಲ್ಲರು.

ಕಿರುಸಾಲದ ಕಂಪನಿಗಳ ವಿಷಯದಲ್ಲಿ ಕಾನೂನು ಸುಮ್ಮನೆ ಕುಳಿತಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳ ಪ್ರಕಾರ ಒಂದು ಕುಟುಂಬ ಕಟ್ಟಬೇಕಾದ ಎಲ್ಲ ಸಾಲದ ಕಂತುಗಳೂ ಕೂಡಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಕಿರುಸಾಲಕ್ಕೆ ಅಡವು ಕೇಳಬಾರದು. ಸಾಲದ ಮುಖ್ಯ ಅಂಶಗಳನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ವಸೂಲಿಯ ಹೆಸರಿನಲ್ಲಿ ನಡೆದ ಹಿಂಸೆಯನ್ನು ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿತು. ಆದರೆ ಕಾನೂನು ಕಾಗದದ ಮೇಲಿದ್ದರೆ ಸಾಲದು. ಬಾಗಿಲಲ್ಲಿ ನಿಂತು ಗದರಿಸುವವನಿಗೆ ಎದುರಾಗಿ 'ನಿಯಮ ಹೀಗಿದೆ' ಎಂದು ಹೇಳುವ ಧೈರ್ಯ ಆ ಮನೆಯ ಹೆಣ್ಣುಮಗಳಿಗೆ ಬರಬೇಕು. ಆ ಧೈರ್ಯ ಹುಟ್ಟುವುದು ತಿಳುವಳಿಕೆಯಿಂದ.

ಠೇವಣಿದಾರರಿಗೆ ಎರಡು ಮಾತು

ಸಾಲ ಮಾಡುವವರಿಗೆ ಮಾತ್ರವಲ್ಲ, ಉಳಿಸುವವರಿಗೂ ಪಾಠ ಬೇಕು. ನಮ್ಮ ಕುಟುಂಬಗಳಲ್ಲಿ ಮಗಳ ಮದುವೆಗೆಂದೋ ಮುಪ್ಪಿನ ಕಾಲಕ್ಕೆಂದೋ ಕೂಡಿಟ್ಟ ಹಣವನ್ನು, ಸ್ವಲ್ಪ ಹೆಚ್ಚಿನ ಬಡ್ಡಿ ಬರುತ್ತದೆಂದು, ಗೊತ್ತಿದ್ದವರ ಪತ್ತಿನ ಸಂಘದಲ್ಲಿ ಇಡುವ ರೂಢಿ ಬಲವಾಗಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅಸಲು ಬಡ್ಡಿ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. 2020ರ ಫೆಬ್ರವರಿಗಿಂತ ಮುಂಚೆ ಇದು 1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಅನ್ವಯಿಸುತ್ತದೆ. ಆದರೆ ಬ್ಯಾಂಕಿನ ಪರವಾನಿಗೆಯಿಲ್ಲದ ಪತ್ತಿನ ಸಹಕಾರಿ ಸಂಘಗಳಿಗೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆಯಿಲ್ಲ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಅನೇಕವಿವೆ. ಅವುಗಳ ಸೇವೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೂ ಬದುಕಿನ ಎಲ್ಲ ಉಳಿತಾಯವನ್ನೂ ಒಂದೇ ಕಡೆ ಇಡಬಾರದು, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಗೆ ಹೋಗಿ ಲೆಕ್ಕಪರಿಶೋಧನೆಯ ವರದಿಯನ್ನು ಕೇಳಬೇಕು ಎಂಬ ಎಚ್ಚರ ಪ್ರತಿ ಮನೆಯಲ್ಲಿಯೂ ಇರತಕ್ಕದ್ದು. ಜಾತಿಬಾಂಧವರು, ಬೀಗರು, ಭಕ್ತರು ಎಂಬ ಸಲುಗೆಯಿಂದ ಲೆಕ್ಕ ಕೇಳದೆ ಇರುವುದು ಸಜ್ಜನಿಕೆಯಲ್ಲ. ನಾವು ಕಲಿತ ಮಠದ ಪ್ರಸಾದನಿಲಯದಲ್ಲಿ ಪೂಜ್ಯರು ಪ್ರತಿ ರಾತ್ರಿ ಕಿರ್ದಿಯನ್ನು ತರಿಸಿ, ಒಂದು ಸೇರು ಜೋಳದ ವ್ಯತ್ಯಾಸಕ್ಕೂ ವಿವರಣೆ ಕೇಳುತ್ತಿದ್ದರು. ಲೆಕ್ಕವನ್ನು ಕೇಳಿದ್ದರಿಂದ ಅಲ್ಲಿ ಯಾರ ಭಕ್ತಿಯೂ ಕುಂದಲಿಲ್ಲ.

ಹಳಿಯಾಳದಲ್ಲಿ ನಡೆದಿರುವ ಕೆಲಸ

ಬ್ಯಾಂಕೇ ಪಾಠಶಾಲೆಯಾದ ನಿದರ್ಶನಕ್ಕೆ ಬಹುದೂರ ಹೋಗಬೇಕಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಸಿಂಡಿಕೇಟ್ ಬ್ಯಾಂಕು ಹಾಗೂ ಕೆನರಾ ಬ್ಯಾಂಕುಗಳು ಕೂಡಿ ನಿರುದ್ಯೋಗಿ ಯುವಕರಿಗಾಗಿ 'ರುಡ್‌ಸೆಟ್' ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ಊಟ ವಸತಿ ಸಹಿತ ಉಚಿತವಾಗಿ ಕೆಲವೇ ವಾರಗಳ ತರಬೇತಿ ಕೊಟ್ಟು, ಆಮೇಲೆ ಬಹುಕಾಲ ಬೆನ್ನಿಗೆ ನಿಂತು ನಡೆಸುವುದು ಅದರ ವಿಧಾನ. ಅದು ಯಶಸ್ವಿಯಾದುದನ್ನು ಕಂಡು ಕೇಂದ್ರ ಸರಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಯಿಸಿತು. ಹಳಿಯಾಳದಲ್ಲಿರುವ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಈ ಕುಲಕ್ಕೆ ಸೇರಿದ್ದು. ಹೈಸ್ಕೂಲು ಕಟ್ಟಿ ಅನಂತರ ಬ್ಯಾಂಕು ಕಟ್ಟಿದ ಮಂಗಳೂರಿನ ವಕೀಲರ ಸಂಕಲ್ಪ, ನೂರು ವರ್ಷಗಳನ್ನು ದಾಟಿ, ಹಳಿಯಾಳದ ಹಳ್ಳಿಯ ಹುಡುಗಿಯ ಹೊಲಿಗೆ ಯಂತ್ರದವರೆಗೆ ಹರಿದುಬಂದಿದೆಯೆಂದರೆ ಅತಿಶಯೋಕ್ತಿಯಲ್ಲ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ಸೀಮೆಯ ಹಳ್ಳಿಗಳಿಗೆ ಪರಿಚಿತವಾಗಿದ್ದ, ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರವುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಬ್ಯಾಂಕುಗಳು ದೊಡ್ಡವಾದಂತೆ ಅವುಗಳ ಬಲ ಹೆಚ್ಚುವುದು ದಿಟ. ಆದರೆ ಊರವರ ಮುಖ ಬಲ್ಲ, ಅವರ ಮಾತು ಬಲ್ಲ ಮ್ಯಾನೇಜರು ವರ್ಷ ಎರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಜೋಯಿಡಾದಲ್ಲಿ ಕೊಂಕಣಿ, ಹಳಿಯಾಳದಲ್ಲಿ ಮರಾಠಿ, ಮುಂಡಗೋಡದಲ್ಲಿ ಧಾರವಾಡದ ಕನ್ನಡ ಎಂಬಂತೆ ಮನೆಮಾತುಗಳು ಬೆರೆತ ಈ ಸೀಮೆಯಲ್ಲಿ, ಪರಸ್ಥಳದಿಂದ ಬಂದ ಅಧಿಕಾರಿಗೂ ಹಳ್ಳಿಯ ಹೆಣ್ಣುಮಗಳಿಗೂ ನಡುವೆ ಮಾತಿನ ಸೇತುವೆಯೇ ಇಲ್ಲದಂತಾಗುತ್ತದೆ. ಆ ಸೇತುವೆಯಾಗಬಲ್ಲವರು ಇದೇ ನೆಲದಲ್ಲಿ ಹುಟ್ಟಿ, ಬ್ಯಾಂಕಿನ ಒಳಹೊರಗನ್ನು ಬಲ್ಲ ನಿವೃತ್ತರು.

ನಿವೃತ್ತರು ಮಾಡಬಹುದಾದುದು

ಹಿರಿಯ ಹುದ್ದೆಗಳಲ್ಲಿದ್ದವರಿಗೆ ಕಾಲೇಜಿನ ಬಾಗಿಲು ಈಗ ಮೊದಲಿಗಿಂತ ಹೆಚ್ಚು ತೆರೆದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ, ಅದರಲ್ಲಿಯೂ ಹಿರಿಯ ಮಟ್ಟದಲ್ಲಿ, ಅನುಭವ ಪಡೆದವರು ಪಿಎಚ್.ಡಿ. ಇಲ್ಲದೆಯೂ ನಿಗದಿತ ಅವಧಿಗೆ ಬೋಧಿಸಬಹುದು. ಸಾಮಾನ್ಯವಾಗಿ ಈ ಅವಧಿ ಹೆಚ್ಚೆಂದರೆ ಮೂರು ವರ್ಷ. ವಿಶೇಷ ಸಂದರ್ಭದಲ್ಲಿ ನಾಲ್ಕು. ಕಾಮರ್ಸ್ ಓದುವ ಹುಡುಗರು ಪುಸ್ತಕದಲ್ಲಿ 'ಅನುತ್ಪಾದಕ ಆಸ್ತಿ' ಎಂಬ ಪದವನ್ನು ಬಾಯಿಪಾಠ ಮಾಡುತ್ತಾರೆ. ಕಂತು ಬಾಕಿಯಾಗಿ ತೊಂಬತ್ತು ದಿನ ಮೀರಿದಾಗ ಆ ಮನೆಯಲ್ಲಿ ಏನಾಗುತ್ತದೆ, ಶಾಖೆಯಲ್ಲಿ ಏನಾಗುತ್ತದೆ ಎಂಬುದನ್ನು ಕಂಡವರೇ ಹೇಳಬೇಕು.

ಎಲ್ಲರೂ ಕಾಲೇಜಿಗೆ ಹೋಗಬೇಕೆಂದಿಲ್ಲ. ತಿಂಗಳಿಗೊಂದು ದಿನ, ಮಠದ ಅಂಗಳದಲ್ಲಿಯೋ ಶಾಲೆಯ ಜಗಲಿಯಲ್ಲಿಯೋ ಸ್ವಸಹಾಯ ಸಂಘದ ಸಭೆಯಲ್ಲಿಯೋ ಕುಳಿತರೆ ಸಾಕು. ಪಾಸ್‌ಬುಕ್ಕನ್ನು ಓದುವುದು, ಬಡ್ಡಿಯ ನಿಜ ದರವನ್ನು ಎಣಿಸುವುದು, ಜಾಮೀನು ಸಹಿ ಹಾಕುವ ಮುನ್ನ ಅದರ ಹೊಣೆಯನ್ನು ಅರಿಯುವುದು, ನಾಮನಿರ್ದೇಶನ ಮಾಡಿಸುವುದು, ಫೋನಿನಲ್ಲಿ ಗುಪ್ತಸಂಖ್ಯೆ ಕೇಳುವವರಿಗೆ ಅದನ್ನು ಹೇಳದಿರುವುದು, ಬ್ಯಾಂಕಿನಿಂದ ಅನ್ಯಾಯವಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡುವುದು: ಈ ಆರು ಪಾಠಗಳು ಆರು ತಿಂಗಳಲ್ಲಿ ಮುಗಿಯುತ್ತವೆ. ಇವನ್ನು ಕಲಿತ ಮನೆ ಮತ್ತೆ ಮೋಸಹೋಗುವುದು ಕಷ್ಟ.

ಇದರೊಡನೆ ಒಂದು ಕಟ್ಟಳೆಯೂ ಅವಶ್ಯ. ಪಾಠ ಹೇಳುವವರು ಪರರ ಹಣವನ್ನು ಕೈಯಲ್ಲಿ ಮುಟ್ಟಬಾರದು, ಠೇವಣಿ ಕೂಡಿಸಬಾರದು, ಯಾರ ಪಾಸ್‌ಬುಕ್ಕನ್ನೂ ತಮ್ಮಲ್ಲಿ ಇಟ್ಟುಕೊಳ್ಳಬಾರದು, ಯಾವ ಕಂಪನಿಯ ವಿಮೆಯನ್ನೂ ಯೋಜನೆಯನ್ನೂ ಮಾರಬಾರದು. ಗುರುವಿನ ಮಾತಿಗೆ ಬೆಲೆ ಬರುವುದು ಅವನಿಗೆ ಶಿಷ್ಯನಿಂದ ಏನೂ ಬೇಕಾಗಿಲ್ಲವೆಂಬುದು ಊರಿಗೆ ತಿಳಿದಾಗ. ಈ ಕಟ್ಟಳೆ ಸಡಿಲವಾದ ಕಡೆಯಲ್ಲಿ ತಿಳುವಳಿಕೆಯ ಸಭೆಯೇ ವ್ಯಾಪಾರದ ಸಂತೆಯಾಗುತ್ತದೆ.

'ಜೀವಮಾನವೆಲ್ಲ ದುಡಿದಿದ್ದಾರೆ, ಇನ್ನಾದರೂ ವಿಶ್ರಾಂತಿ ಬೇಡವೇ?' ಎಂದು ಮನೆಯವರು ಕೇಳುವುದು ಸಹಜ. ವಿಶ್ರಾಂತಿ ಬೇಕು, ಆದರೆ ತಿಂಗಳಿಗೊಂದು ಮುಂಜಾನೆಯನ್ನು ಕೊಟ್ಟರೆ ವಿಶ್ರಾಂತಿಗೆ ಭಂಗ ಬಾರದು. 'ಕರೆದರೆ ಜನ ಬರುವುದಿಲ್ಲ' ಎಂಬ ಇನ್ನೊಂದು ಆಕ್ಷೇಪವನ್ನೂ ನಾವು ಕೇಳಿದ್ದೇವೆ. ಭಾಷಣಕ್ಕೆ ಬರುವುದಿಲ್ಲ ನಿಜ. ತಮ್ಮದೇ ಸಾಲದ ಕಾಗದವನ್ನು ಓದಿ ಹೇಳುವವರಿದ್ದಾರೆಂದು ತಿಳಿದರೆ ಮೂರು ಹರದಾರಿ ನಡೆದು ಬರುತ್ತಾರೆ. ಮೊದಲ ಬಾರಿ ಇಬ್ಬರು ಬಂದರೂ ಕುಳಿತವರು ಏಳಬಾರದು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಮ್ಮ ಬಂಧುಗಳಲ್ಲಿ ಬ್ಯಾಂಕಿನಿಂದಲೋ ಖಜಾನೆಯಿಂದಲೋ ಸಹಕಾರಿ ಸಂಘದಿಂದಲೋ ನಿವೃತ್ತರಾದ ಹಿರಿಯರು ಯಾವ ಯಾವ ಊರಿನಲ್ಲಿದ್ದಾರೆಂಬುದನ್ನು ಆಯಾ ಊರಿನ ಮಠ, ಬಳಗ, ಅಕ್ಕನ ಬಳಗಗಳವರು ಒಂದು ಯಾದಿ ಮಾಡಲಿ. ಜಾತಿಮತಗಳ ಭೇದವಿಲ್ಲದೆ ಕುಣಬಿ, ಗೌಳಿ, ಸಿದ್ದಿ ಬಂಧುಗಳ ಕೇರಿಗಳಲ್ಲಿಯೇ ಮೊದಲ ಪಾಠ ನಡೆಯಲಿ. ಈ ವರ್ಷದ ಶ್ರಾವಣ ಮುಗಿಯುವುದರೊಳಗೆ ನಾಲ್ಕು ತಾಲೂಕುಗಳಲ್ಲಿ ನಾಲ್ಕು ಜಗಲಿಗಳಾದರೂ ಹೀಗೆ ಪಾಠದ ಮನೆಗಳಾಗಲಿ ಎಂದು ನಾವು ಮನಃಪೂರ್ವಕವಾಗಿ ಹಾರೈಸುತ್ತೇವೆ.